ಮುಂದೆ ನಿಂತವನ ಹಿಮ್ಮೇಳ

ಆಲೂರಿನ ಗುಡ್ಡಗಳು ಸಕಲೇಶಪುರದ ಮಲೆಗೆ ತಾಗುವ ಎಡೆಯಲ್ಲಿರುವ ಒಂದು ಕಾಫಿ ತೋಟದ ಮನೆಯಲ್ಲಿ, ರೊಬಸ್ಟಾ ಕೊಯ್ಲು ಮುಗಿದು ಕಣದ ತುಂಬ ಹಣ್ಣು ಒಣಗುತ್ತಿರುವ ದಿನಗಳಲ್ಲಿ ನಡೆದ ಸಂವಾದವಿದು. ಹಿರಿಯರು ಬಹುಕಾಲ ಕನ್ನಡ ಪಾಠ ಹೇಳಿ ನಿವೃತ್ತರಾದವರು, ಊರಿನ ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ಹಿಡಿದು ಕೂರುವವರು. ಕಿರಿಯಳು ಅವರ ತಮ್ಮನ ಮಗಳು, ಬೆಂಗಳೂರಿನ ಒಂದು ರಾಕ್ ತಂಡದ ಮುಖ್ಯ ಗಾಯಕಿಯಾಗಿದ್ದು, ಇನ್ನು ಮುಂದೆ ತನ್ನ ಹೆಸರಿನಲ್ಲೇ ಹಾಡಬೇಕೆಂದು ಸಂಕಲ್ಪಿಸಿರುವವಳು.

ಮಗಳು: ದೊಡ್ಡಪ್ಪ, ತಂಡವನ್ನು ಬಿಟ್ಟು ಹೊರಟ ಗಾಯಕನನ್ನು ಲೋಕ ಎರಡು ಬಗೆಯಾಗಿ ಕಾಣುತ್ತದೆ. ಜೊತೆಗಾರರ ಹೆಗಲೇರಿ ನಿಂತು, ಎತ್ತರ ಸಿಕ್ಕಿದೊಡನೆ ಆ ಹೆಗಲನ್ನೇ ಮರೆತವನೆಂದು ಕೆಲವರು ನಿಂದಿಸುತ್ತಾರೆ. ಸಮೂಹದ ಸಂಕೋಲೆಯನ್ನು ಕಳಚಿ ತನ್ನ ಪ್ರತಿಭೆಯ ನಿಜಸ್ವರೂಪವನ್ನು ಕಂಡುಕೊಂಡವನೆಂದು ಮತ್ತೆ ಕೆಲವರು ಕೊಂಡಾಡುತ್ತಾರೆ. ಇವೆರಡರಲ್ಲಿ ಯಾವ ಮಾತೂ ನನ್ನ ಮನಸ್ಸಿಗೆ ಹಿಡಿಸುತ್ತಿಲ್ಲ.

ದೊಡ್ಡಪ್ಪ: ನಿಂದೆಯನ್ನೂ ಸ್ತುತಿಯನ್ನೂ ಸದ್ಯಕ್ಕೆ ಬದಿಗಿಡೋಣ, ಮಗಳೇ. ರಾಕ್ ತಂಡದಲ್ಲಿ ಮುಂದೆ ನಿಲ್ಲುವವನ ಕೆಲಸವೇನೆಂಬುದನ್ನು ಮೊದಲು ನನಗೆ ತಿಳಿಯಹೇಳು. ಹಾಡುವುದು ಆತನ ಕೆಲಸವೆಂಬುದು ಕಣ್ಣಿಗೆ ಕಾಣುತ್ತದೆ. ಆದರೆ ಹಾಡುವುದೊಂದೇ ಆಗಿದ್ದರೆ ಸಹಸ್ರಾರು ಜನ ತಂಡದ ಉಳಿದವರನ್ನೆಲ್ಲ ಮರೆತು ಆತನೊಬ್ಬನನ್ನೇ ನೋಡುತ್ತ ನಿಲ್ಲುವುದಕ್ಕೆ ಕಾರಣ ದೊರೆಯುವುದಿಲ್ಲ.

ಮಗಳು: ಬೆನ್ನ ಹಿಂದೆ ಡ್ರಮ್ಸ್ ಇರುತ್ತದೆ, ಒಂದು ಪಕ್ಕದಲ್ಲಿ ಬೇಸ್ ಗಿಟಾರ್, ಇನ್ನೊಂದು ಪಕ್ಕದಲ್ಲಿ ಲೀಡ್ ಗಿಟಾರ್. ಈ ಮೂರರ ನಡುವೆ ಹುಟ್ಟುವ ಲಯವನ್ನು ಬೆನ್ನಿನಿಂದ ಕೇಳಿಸಿಕೊಳ್ಳುತ್ತ, ಎದುರಿಗಿರುವ ಜನಸ್ತೋಮದ ಚಿತ್ತವೃತ್ತಿಯನ್ನು ಕಣ್ಣಿನಿಂದ ಓದುತ್ತ, ಯಾವ ಹಾಡನ್ನು ಹಿಗ್ಗಿಸಬೇಕು, ಯಾವುದನ್ನು ಬೇಗ ಮುಗಿಸಬೇಕು, ಎಲ್ಲಿ ಜನರ ಬಾಯಿಗೆ ಹಾಡನ್ನು ಒಪ್ಪಿಸಿಬಿಡಬೇಕು ಎಂಬುದನ್ನು ಆ ಕ್ಷಣದಲ್ಲೇ ನಿರ್ಧರಿಸಿ, ಒಂದು ತಲೆಯಾಡಿಕೆಯಲ್ಲಿ ಹಿಂದಿನವರಿಗೆ ತಿಳಿಸಬೇಕು. ಸಭೆಗೂ ವಾದ್ಯಗಳಿಗೂ ನಡುವೆ ಅವನು ಸೇತುವೆಯಂತೆ ನಿಂತಿರುತ್ತಾನೆ.

ದೊಡ್ಡಪ್ಪ: ಹಾಗಾದರೆ ಆತ ನನಗೆ ಅಪರಿಚಿತನೇನಲ್ಲ. ಯಕ್ಷಗಾನದ ಭಾಗವತರು ಇದನ್ನೇ ಮಾಡುವರು. ಘಟ್ಟವೇರಿ ಬರುತ್ತಿದ್ದ ಮೇಳಗಳ ಆಟವನ್ನು ಬೆಳಗಿನವರೆಗೆ ಕುಳಿತು ನೋಡಿದ ನನ್ನ ತಲೆಮಾರಿನವರಿಗೆ, ಜಾಗಟೆ ಹಿಡಿದು ಕುಳಿತ ಆ ಒಬ್ಬ ವ್ಯಕ್ತಿ ಚೆಂಡೆ ಮದ್ದಳೆಗಳನ್ನು ಏರಿಸಿ ಇಳಿಸಿ, ವೇಷಧಾರಿಯ ದಣಿವನ್ನು ಕಂಡು ಪದವನ್ನು ಮೊಟಕುಗೊಳಿಸಿ, ಸಭೆ ತೂಕಡಿಸುವ ಹೊತ್ತಿಗೆ ಸರಿಯಾಗಿ ಏರುಪದವನ್ನೆತ್ತಿ ಇಡೀ ರಾತ್ರಿಯನ್ನು ನಡೆಸಿಕೊಂಡು ಹೋಗುತ್ತಿದ್ದ ಪರಿ ಚೆನ್ನಾಗಿ ಗೊತ್ತು. ಸಾಲಿಗ್ರಾಮ ಮೇಳದ ಕಾಳಿಂಗ ನಾವಡರು 1990ರಲ್ಲಿ ಇನ್ನೂ ತರುಣರಾಗಿರುವಾಗಲೇ ಅಪಘಾತದಲ್ಲಿ ತೀರಿಕೊಂಡಾಗ ಕರಾವಳಿಯೂ ಮಲೆನಾಡೂ ಮರುಗಿದುದು ನೆನಪಿದೆ. ವೇಷಗಳಿಗಿಂತ ಹೆಚ್ಚಾಗಿ ಭಾಗವತರ ಕಂಠಕ್ಕಾಗಿ ಜನ ಟಿಕೆಟು ಕೊಂಡು ಬರುವಂತೆ ಮಾಡಿದವರು ಅವರು. ಆದರೆ ಒಂದು ವಿಷಯವನ್ನು ಗಮನಿಸು. ಭಾಗವತರ ಸ್ಥಾನ ಹಿಮ್ಮೇಳದಲ್ಲಿ. ಆಟವನ್ನೆಲ್ಲ ಆಳುವವರನ್ನು ನಮ್ಮ ಹಿರಿಯರು ಹಿಂದೆ ಕೂರಿಸಿದ್ದಾರೆ. ನಿಮ್ಮ ರಾಕ್ ಸಂಪ್ರದಾಯ ಅವರನ್ನು ಎದ್ದು ನಿಲ್ಲಿಸಿ ರಂಗದ ತುದಿಗೆ ತಂದಿದೆ. ಮುಂದೆ ತಂದು ನಿಲ್ಲಿಸಿದ ಮೇಲೆ, ಒಂದಲ್ಲ ಒಂದು ದಿನ ಆತ ಇನ್ನೂ ಒಂದು ಹೆಜ್ಜೆ ಮುಂದಿಟ್ಟು ಬಿಟ್ಟುಹೋದರೆ ಆಶ್ಚರ್ಯವೇನು?

ಮಗಳು: ಹೆಜ್ಜೆ ಇಟ್ಟವನು ಯಾವಾಗಲೂ ಮುಂದೆ ನಿಂತವನೇ ಆಗಿರಬೇಕಾಗಿಲ್ಲ, ದೊಡ್ಡಪ್ಪ. ಕನ್ನಡದಲ್ಲಿ ಈ ದಾರಿಯನ್ನು ತುಳಿದವರ ಪೈಕಿ ಎಲ್ಲರಿಗೂ ಗೊತ್ತಿರುವ ರಘು ದೀಕ್ಷಿತರ ಕಥೆಯನ್ನೇ ನೋಡಿ. ಅವರು ಹುಟ್ಟಿದ್ದು 1974ರಲ್ಲಿ ನಾಸಿಕದಲ್ಲಿ, ಬೆಳೆದದ್ದು ಮೈಸೂರಿನಲ್ಲಿ. ಸೂಕ್ಷ್ಮಜೀವಶಾಸ್ತ್ರದಲ್ಲಿ ಸ್ವರ್ಣಪದಕದೊಡನೆ ಎಂ.ಎಸ್ಸಿ. ಮಾಡಿದರು, ಭರತನಾಟ್ಯದಲ್ಲಿ ವಿದ್ವತ್ ಪಡೆದರು. ಗಿಟಾರು ಅವರ ಕೈಗೆ ಬಂದದ್ದು ಕಾಲೇಜಿನ ದಿನಗಳಲ್ಲಿ ಸಹಪಾಠಿಯೊಬ್ಬರು ಒಡ್ಡಿದ ಪಂಥದಿಂದ. 1990ರ ದಶಕದ ಕೊನೆಗೆ ‘ಅಂತರಾಗ್ನಿ’ ಎಂಬ ತಂಡ ಕಟ್ಟಿದರು. ಪಿಟೀಲು ವಿದ್ವಾಂಸ ಎಚ್. ಎನ್. ಭಾಸ್ಕರ್ ಅವರಂಥವರು ಅದರಲ್ಲಿದ್ದರು. ಕಾಲೇಜಿನ ಉತ್ಸವಗಳಲ್ಲಿ ಹೆಸರು ಬಂತು. ಆದರೆ ಧ್ವನಿಮುದ್ರಿಕೆಯನ್ನು ಹೊರತರುವ ಕಂಪನಿ ಸಿಗಲಿಲ್ಲ. ಅಂದಿನ ಮಾರುಕಟ್ಟೆಯಲ್ಲಿ ಚಲನಚಿತ್ರದ ಹಾಡೊಂದೇ ಸರಕು. ಕನ್ನಡ, ಹಿಂದಿ, ಇಂಗ್ಲಿಷು ಮೂರನ್ನೂ ಒಂದೇ ಉಸಿರಿನಲ್ಲಿ ಹಾಡುವ, ಜಾನಪದವೆಂದರೆ ಜಾನಪದವಲ್ಲದ, ರಾಕ್ ಎಂದರೆ ಪೂರ್ತಿ ರಾಕ್ ಎನ್ನಲಾಗದ ಸಂಗೀತವನ್ನು ಯಾವ ಕಪಾಟಿನಲ್ಲಿಡಬೇಕೆಂದು ವ್ಯಾಪಾರಿಗಳಿಗೆ ತಿಳಿಯಲಿಲ್ಲ. ವರ್ಷಗಳು ಕಳೆದಂತೆ ಒಬ್ಬೊಬ್ಬರೇ ತಮ್ಮ ತಮ್ಮ ಜೀವನದ ದಾರಿ ಹಿಡಿದರು. 2005ರ ಸುಮಾರಿಗೆ ತಂಡವೆಂಬುದು ಉಳಿದಿರಲಿಲ್ಲ, ಗಾಯಕರೊಬ್ಬರೇ ಉಳಿದಿದ್ದರು.

ದೊಡ್ಡಪ್ಪ: ಅಂದರೆ ಅವರು ತಂಡವನ್ನು ಬಿಡಲಿಲ್ಲ, ತಂಡವೇ ಅವರ ಸುತ್ತಲಿಂದ ಮೆಲ್ಲನೆ ಕರಗಿಹೋಯಿತು. ಹಾಗೆ ಉಳಿದವರಿಗೆ ‘ಹೊರಟುಹೋದವರು’ ಎಂಬ ಅಪವಾದವಾಗಲಿ ‘ಬಿಡಿಸಿಕೊಂಡವರು’ ಎಂಬ ಕೀರ್ತಿಯಾಗಲಿ ಸಲ್ಲದಷ್ಟೆ.

ಮಗಳು: ಆ ಬಳಿಕ ಅವರು ಮಾಡಿದ ಕೆಲಸ ನನಗೆ ಅತ್ಯಂತ ಅರ್ಥಪೂರ್ಣವಾಗಿ ತೋರುತ್ತದೆ. ಹೊಸ ವ್ಯವಸ್ಥೆಗೆ ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’ ಎಂದು ತಮ್ಮ ಹೆಸರನ್ನೇ ಇಟ್ಟರು. ಆದರೆ ಅದರ ಬಾಗಿಲನ್ನು ಎಲ್ಲ ವಾದ್ಯಗಾರರಿಗೂ ತೆರೆದಿಟ್ಟರು. ಇಂದು ಬಂದು ನುಡಿಸಿದವರು ನಾಳೆ ಬೇರೆಡೆ ಹೋಗಬಹುದು, ಮತ್ತೆ ಬರಬಹುದು. ಬೇಸ್ ಗಿಟಾರಿನ ಗೌರವ್ ವಾಜ್ ಅವರಂತೆ ಕೆಲವರು ಬಹುಕಾಲ ನಿಂತರು. 2008ರಲ್ಲಿ ವಿಶಾಲ್ ದದ್ಲಾನಿ, ಶೇಖರ್ ರವ್‌ಜಿಯಾನಿ ಎಂಬ ಮುಂಬಯಿಯ ಸಂಗೀತ ನಿರ್ದೇಶಕರ ಜೋಡಿ ತಮ್ಮದೇ ಸಂಸ್ಥೆಯಿಂದ ಅವರ ಮೊದಲ ಆಲ್ಬಮ್ ಹೊರತಂದಿತು. ಅದಕ್ಕೆ ಹೆಸರಿಟ್ಟಿದ್ದು ‘ಅಂತರಾಗ್ನಿ’ ಎಂದು. ಚದುರಿಹೋದ ತಂಡದ ಹೆಸರು ಮುಖಪುಟಕ್ಕೆ ಹಿಂದಿರುಗಿ ಬಂತು. ಮುಂದೆ 2010ರಲ್ಲಿ ಬಿ.ಬಿ.ಸಿ.ಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದರು. 2011ರಲ್ಲಿ ಇಂಗ್ಲೆಂಡಿನ ‘ಸಾಂಗ್‌ಲೈನ್ಸ್’ ಪತ್ರಿಕೆ ಅವರನ್ನು ಅತ್ಯುತ್ತಮ ಹೊಸ ಪ್ರತಿಭೆಯೆಂದು ಪುರಸ್ಕರಿಸಿತು. ತಂಡ ಕಟ್ಟಿ ಹತ್ತು ವರ್ಷಕ್ಕೂ ಮೇಲೆ ಹಾಡಿದವರಿಗೆ ಅಲ್ಲಿ ‘ಹೊಸಬ’ರೆಂಬ ಪಟ್ಟ! ನಡುವೆ ‘ಸೈಕೋ’, ‘ಜಸ್ಟ್ ಮಾತ್ ಮಾತಲ್ಲಿ’ ಚಿತ್ರಗಳಿಗೆ ಸಂಗೀತ ಕೊಟ್ಟರು. 2013ರಲ್ಲಿ ಎರಡನೆಯ ಆಲ್ಬಮ್ ‘ಜಗ್ ಚಂಗಾ’ ಬಂತು. 2020ರ ‘ಲವ್ ಮಾಕ್‌ಟೇಲ್’ ಚಿತ್ರದ ಹಾಡುಗಳು ಇಲ್ಲಿಯ ಬಸ್ಸುಗಳಲ್ಲೂ ಕೇಳಿಬಂದವು.

ದೊಡ್ಡಪ್ಪ: ಬಸ್ಸಿನ ಹಾಡು ನನಗೆ ತಿಳಿಯದು. ಆದರೆ ಬಣ್ಣದ ಲುಂಗಿಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಗಿಟಾರು ಹಿಡಿದು ಅವರು ಶಿಶುನಾಳ ಶರೀಫರ ‘ಸೋರುತಿಹುದು ಮನೆಯ ಮಾಳಿಗಿ’ಯನ್ನು ಹಾಡಿದ್ದನ್ನು ಕೇಳಿದ್ದೇನೆ. ಮೊದಲ ಸಲ ಕಿವಿಗೆ ಒರಟಾಗಿ ಬಿತ್ತು. ಎರಡನೆಯ ಸಲ ಅದರೊಳಗಿನ ಆರ್ತತೆ ಕೇಳಿಸಿತು. ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ಗತಿಸಿದವರು. ಗೋವಿಂದ ಭಟ್ಟರೆಂಬ ಗುರುವಿನೊಡನೆ ಊರೂರು ಅಲೆದು, ಕಂಡ ವಸ್ತುವನ್ನೆಲ್ಲ ತತ್ತ್ವಪದವಾಗಿಸಿದ ಆ ಮಹಾತ್ಮರ ವಾಣಿ ಗಿಟಾರಿನ ತಂತಿಗೆ ಒಗ್ಗೀತೆಂದು ನಾನು ಭಾವಿಸಿರಲಿಲ್ಲ. ಇಲ್ಲಿ ನನಗೊಂದು ಸಂಗತಿ ಹೊಳೆಯುತ್ತದೆ. ಜೊತೆಗಾರರೆಲ್ಲ ಹೊರಟುಹೋದ ಮೇಲೆ ಆ ಗಾಯಕರ ಬೆನ್ನಿಗೆ ಬಂದು ನಿಂತವರು ಯಾರು? ಶರೀಫರು. ತನ್ನ ಮಾತಿಗಿಂತ ಹಿರಿದಾದ ಮಾತನ್ನು ಹಾಡಹೊರಟವನಿಗೆ, ಮನಬಂದಂತೆ ತಿರುವಲು ಬಿಡದ ಒಂದು ಪ್ರತಿಬಂಧ ಒದಗುತ್ತದೆ. ‘ಇಲ್ಲಿ ನೀನು ಅವಸರ ಮಾಡಿದೆ, ಇಲ್ಲಿ ಅರ್ಥ ಜಾರಿತು’ ಎಂದು ಆ ಸಾಲೇ ಹೇಳುತ್ತದೆ. ತಂಡದಲ್ಲಿ ಡ್ರಮ್ಸ್ ಬಾರಿಸುವವನು ಹೇಳುತ್ತಿದ್ದುದನ್ನು ಈಗ ಕವಿ ಹೇಳುವನು.

ಮಗಳು: ನೀವು ಸರಿಯಾದ ಜಾಗಕ್ಕೇ ಕೈಯಿಟ್ಟಿರಿ. ತಂಡದಿಂದ ಹೊರಬಂದಾಗ ನನಗೆ ಕೊರತೆಯಾಗಿ ಕಾಡಿದ್ದು ವಾದ್ಯವಲ್ಲ. ಬೆಂಗಳೂರಿನಲ್ಲಿ ಹಣ ಕೊಟ್ಟರೆ ನುಡಿಸುವವರು ಬೇಕಾದಷ್ಟು ಮಂದಿ ಸಿಗುತ್ತಾರೆ, ನನಗಿಂತ ನಿಪುಣರು. ಅವರು ಹೇಳಿದ ಹೊತ್ತಿಗೆ ಬಂದು, ಹೇಳಿದ ಸ್ವರವನ್ನು ನುಡಿಸಿ, ‘ಚೆನ್ನಾಗಿದೆ ಮೇಡಂ’ ಎಂದು ಹೇಳಿ ಹೋಗುತ್ತಾರೆ. ಆ ‘ಚೆನ್ನಾಗಿದೆ’ಯನ್ನು ಕೇಳಿ ಕೇಳಿ ನನಗೆ ಭಯವಾಗಿದೆ, ದೊಡ್ಡಪ್ಪ. ತಂಡದಲ್ಲಿದ್ದಾಗ ಒಂದು ಚರಣಕ್ಕಾಗಿ ಇಡೀ ಸಂಜೆ ಜಗಳವಾಡಿದ್ದೇವೆ. ಬೇಸ್ ನುಡಿಸುವವನು ಒಪ್ಪದಿದ್ದರೆ ಹಾಡು ಮುಂದೆ ಸಾಗುತ್ತಿರಲಿಲ್ಲ. ಅವನ ಒಪ್ಪಿಗೆಯನ್ನು ಗೆಲ್ಲಬೇಕಾದ್ದರಿಂದಲೇ ನನ್ನ ಹಾಡುಗಳು ಗಟ್ಟಿಯಾದವು.

ದೊಡ್ಡಪ್ಪ: ಸಮಾನರ ಅಸಮ್ಮತಿ ಎಂಬುದು ಕಲಾವಿದನಿಗೆ ದೊರೆಯುವ ಬಹು ದೊಡ್ಡ ಭಾಗ್ಯ. ಗುರುವಿನ ತಿದ್ದುಪಾಟಿನಲ್ಲಿ ಭಯವಿದೆ, ಸಭಿಕರ ಮೆಚ್ಚುಗೆಯಲ್ಲಿ ಔದಾರ್ಯವಿದೆ, ವಿಮರ್ಶಕರ ಮಾತು ಹಾಡು ಮುಗಿದ ಮೇಲೆ ಬರುವಂಥದು. ಹಾಡು ಇನ್ನೂ ಹಸಿಯಾಗಿರುವಾಗಲೇ, ಅದರ ಗೆಲವು ಸೋಲುಗಳಲ್ಲಿ ತಾನೂ ಪಾಲುದಾರನಾಗಿ, ‘ಇದು ಸರಿಬೀಳಲಿಲ್ಲ’ ಎಂದು ಹೇಳಬಲ್ಲವನು ಜೊತೆಗಾರನೊಬ್ಬನೇ. ಒಂಟಿಯಾಗಿ ಹೊರಡುವವನು ಸಂಭಾವನೆಯ ಲೆಕ್ಕವನ್ನೂ ಕೀರ್ತಿಯ ಲೆಕ್ಕವನ್ನೂ ಮೊದಲೇ ಹಾಕಿಕೊಂಡಿರುತ್ತಾನೆ. ಈ ಲೆಕ್ಕ ಮಾತ್ರ ಅವನಿಗೆ ತಡವಾಗಿ ತಿಳಿಯುತ್ತದೆ.

ಮಗಳು: ಪಾಶ್ಚಾತ್ಯ ದೇಶಗಳಲ್ಲಿ ಈ ಕಥೆಗೆ ನಾನಾ ರೂಪಗಳಿವೆ. ‘ಜೆನೆಸಿಸ್’ ತಂಡದ ಪೀಟರ್ ಗೇಬ್ರಿಯಲ್ 1975ರಲ್ಲಿ ಹೊರಟುಹೋದಾಗ, ಅದುವರೆಗೆ ಡ್ರಮ್ಸ್ ಬಾರಿಸುತ್ತಿದ್ದ ಫಿಲ್ ಕಾಲಿನ್ಸ್ ಮುಂದಕ್ಕೆ ಬಂದು ಹಾಡತೊಡಗಿದರು. ಎರಡು ಕಡೆಯೂ ಬೆಳೆಯಿತು. ಪಂಚಗಣಿಯ ಶಾಲೆಯಲ್ಲಿ ಓದುತ್ತ ಹುಡುಗರ ತಂಡದಲ್ಲಿ ಪಿಯಾನೋ ನುಡಿಸಿದ್ದ ಫ್ರೆಡ್ಡಿ ಮರ್ಕ್ಯುರಿ, ‘ಕ್ವೀನ್’ ತಂಡದಲ್ಲಿ ಜಗದ್ವಿಖ್ಯಾತರಾದ ಮೇಲೆ, 1985ರ ವಸಂತದಲ್ಲಿ ಒಬ್ಬರೇ ಒಂದು ಆಲ್ಬಮ್ ಹೊರತಂದರು. ಅದೇ ವರ್ಷ ಜುಲೈ ತಿಂಗಳಲ್ಲಿ ಲಂಡನ್ನಿನ ‘ಲೈವ್ ಏಡ್’ ವೇದಿಕೆಯ ಮೇಲೆ ನಾಲ್ವರೂ ಒಟ್ಟಿಗೆ ನಿಂತಾಗ ಜನ ಕಂಡದ್ದು ಆ ತಂಡದ ಪರಮೋತ್ಕರ್ಷವನ್ನು. 1989ರ ಹೊತ್ತಿಗೆ ಅವರು ಹಾಡುಗಳ ಕರ್ತೃತ್ವವನ್ನು ಬಿಡಿ ಬಿಡಿಯಾಗಿ ನಮೂದಿಸುವ ಕ್ರಮವನ್ನೇ ಕೈಬಿಟ್ಟು, ಇಡೀ ಆಲ್ಬಮ್ಮಿನ ಕರ್ತೃಗಳು ನಾಲ್ವರೂ ಎಂದು ಬರೆದುಕೊಂಡರು.

ದೊಡ್ಡಪ್ಪ: ತಂಡಗಳಲ್ಲಿ ಕರ್ತೃತ್ವದ ಹಂಚಿಕೆಯೇ ಜಗಳದ ಮೂಲವೇನು?

ಮಗಳು: ಬಹುಮಟ್ಟಿಗೆ. ಸಾಹಿತ್ಯ ಬರೆದವರಿಗೂ ಧಾಟಿ ಕಟ್ಟಿದವರಿಗೂ ಹಕ್ಕು ಸಲ್ಲುತ್ತದೆ. ನಮ್ಮ ದೇಶದಲ್ಲಿ 2012ರ ಕೃತಿಸ್ವಾಮ್ಯ ತಿದ್ದುಪಡಿಯಾದ ಮೇಲೆ ಹಾಡಿನ ಸಾಹಿತಿಗೂ ಸಂಗೀತಕಾರನಿಗೂ ರಾಯಲ್ಟಿಯ ಸಮಪಾಲನ್ನು ಯಾರೂ ಬರೆಸಿಕೊಂಡು ಕಸಿಯುವಂತಿಲ್ಲ. ಆದರೆ ಡ್ರಮ್ಸಿನವನು ಹುಡುಕಿ ತಂದ ಲಯ, ಬೇಸಿನವನು ಕಂಡುಕೊಂಡ ನಡೆ ಬಹುತೇಕ ಧಾಟಿಯೆಂದು ಎಣಿಕೆಗೆ ಬರುವುದಿಲ್ಲ. ಜನ ಕುಣಿದದ್ದು ಆ ಲಯಕ್ಕೆ; ಕಾಗದದಲ್ಲಿ ಹೆಸರು ಹಾಡುಗಾರನದು. ಮುಂದೆ ನಿಂತವನು ಹೊರಟಾಗ ಹಾಡುಗಳು ಅವನೊಡನೆ ಹೋಗುತ್ತವೆ. ಹಿಂದೆ ನಿಂತವರ ಕೈಯಲ್ಲಿ ಉಳಿಯುವುದು ತಂಡದ ಹೆಸರು, ಕೆಲವೊಮ್ಮೆ ಅದೂ ಇಲ್ಲ.

ದೊಡ್ಡಪ್ಪ: ಇದು ಅನ್ಯಾಯ. ಸುಗ್ಗಿಯ ಕುಣಿತದಲ್ಲಿ ಒಬ್ಬ ಹೇಳಿಕೊಡುತ್ತಾನೆ, ಉಳಿದವರು ಸೊಲ್ಲೆತ್ತುತ್ತಾರೆ. ಸೊಲ್ಲಿಲ್ಲದೆ ಆ ಪದಕ್ಕೆ ಅಸ್ತಿತ್ವವೇ ಇಲ್ಲ. ಮಾದೇಶ್ವರನ ಕಾವ್ಯವನ್ನು ರಾತ್ರಿಯಿಡೀ ಹಾಡುವ ಕಂಸಾಳೆಯವರ ಮೇಳದಲ್ಲಿ ಮುಂದಾಳು ಉಸಿರೆಳೆದುಕೊಳ್ಳುವುದು ಹಿಮ್ಮೇಳ ಸೊಲ್ಲು ಹಿಡಿದಿರುವ ಹೊತ್ತಿನಲ್ಲಿ. ಆ ಉಸಿರಿಗೆ ಬೆಲೆ ಕಟ್ಟುವ ನ್ಯಾಯಶಾಸ್ತ್ರವನ್ನು ನಿಮ್ಮ ತಲೆಮಾರಿನವರು ಕಂಡುಹಿಡಿಯಬೇಕು. ಅದಿರಲಿ, ದೂರದ ಕಥೆಗಳನ್ನು ಹೇಳಿದೆ, ನಮ್ಮ ಹಾಸನ ಜಿಲ್ಲೆಯವರೇ ಆದ ಸಿ. ಅಶ್ವತ್ಥರನ್ನು ಮರೆತೆಯಲ್ಲ!

ಮಗಳು: ಅಶ್ವತ್ಥರು ರಾಕ್ ಗಾಯಕರಲ್ಲವಲ್ಲ, ದೊಡ್ಡಪ್ಪ.

ದೊಡ್ಡಪ್ಪ: ವೇದಿಕೆಯ ಮೇಲೆ ಅವರು ನಿಂತ ಭಂಗಿಯನ್ನು ನೀನು ಎದುರಿನಲ್ಲಿ ಕಂಡಿದ್ದರೆ ಹಾಗೆನ್ನುತ್ತಿರಲಿಲ್ಲ. ಕಂಠದ ನರಗಳು ಬಿಗಿದು, ತೋಳು ಮೇಲೆದ್ದು, ಏರುಸ್ಥಾಯಿಯಲ್ಲಿ ಒಂದು ಸಾಲನ್ನು ಅವರು ಬಿಡಿಸಿದಾಗ ಸಭೆಯ ಮೈ ಜುಮ್ಮೆನ್ನುತ್ತಿತ್ತು. 1939ರ ಡಿಸೆಂಬರ್ 29ರಂದು ಹುಟ್ಟಿ, ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯಲ್ಲಿ ದೀರ್ಘಕಾಲ ನೌಕರಿ ಮಾಡುತ್ತಲೇ ಸಂಗೀತವನ್ನು ಹಿಡಿದವರು, 2009ರಲ್ಲಿ ತಮ್ಮ ಹುಟ್ಟುಹಬ್ಬದ ದಿನವೇ ತೀರಿಕೊಂಡರು. ಅವರ ಪಯಣದ ಕ್ರಮವನ್ನು ನೋಡು: ‘ಕಾಕನಕೋಟೆ’ ಚಿತ್ರಕ್ಕೆ ಸಂಗೀತ ಕೊಟ್ಟಾಗ ಒಬ್ಬರೇ, ಆಮೇಲೆ ಎಲ್. ವೈದ್ಯನಾಥನ್ ಅವರೊಡನೆ ಸೇರಿ ‘ಅಶ್ವತ್ಥ್ – ವೈದಿ’ ಎಂಬ ಜೋಡಿಯಾಗಿ ‘ಆಲೆಮನೆ’ಯಂಥ ಚಿತ್ರಗಳಿಗೆ ಮರೆಯಲಾರದ ಹಾಡುಗಳನ್ನು ಕೊಟ್ಟರು, ಮತ್ತೆ ಒಂಟಿಯಾಗಿ ಭಾವಗೀತೆಯ ದಾರಿಯಲ್ಲಿ ನಡೆದು, 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರದ ಮೂಲಕ ಶರೀಫರನ್ನು ಕರ್ನಾಟಕದ ಮನೆಮನೆಗೆ ತಲುಪಿಸಿದರು. ನಿನ್ನ ರಘು ದೀಕ್ಷಿತರು ಗಿಟಾರಿಗೆ ತಂದ ಶರೀಫರು, ಅಷ್ಟರಲ್ಲೇ ಈ ಹಾಸನದ ಕಂಠದ ಮುಖಾಂತರ ಒಂದು ತಲೆಮಾರಿನ ನಾಲಗೆಯ ಮೇಲೆ ನೆಲೆಸಿದ್ದರು. ಮತ್ತು 2005ರಲ್ಲಿ, ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ಎಂಬ ಮಹಾಕಾರ್ಯಕ್ರಮ ಮಾಡಿದಾಗ, ತಮ್ಮ ಹೆಸರೊಂದರ ಬಲದಿಂದಲೇ ಆ ಬಯಲನ್ನು ತುಂಬಿಸಬಲ್ಲವರಾಗಿದ್ದ ಅವರು ಮಾಡಿದ್ದೇನು? ದೊಡ್ಡ ಗಾಯಕವೃಂದವನ್ನು ಬೆನ್ನಿಗೆ ನಿಲ್ಲಿಸಿಕೊಂಡರು. ಒಂಟಿತನದ ಶಿಖರವನ್ನು ಮುಟ್ಟಿದವರು ಅಲ್ಲಿಗೆ ಹಿಮ್ಮೇಳವನ್ನು ಕರೆಸಿಕೊಂಡರು. ಇದನ್ನು ನಾನು ಆಡಂಬರವೆಂದು ಎಣಿಸುವುದಿಲ್ಲ. ಆ ಸಾಹಿತ್ಯಕ್ಕೆ ಒಂದು ಕಂಠ ಸಾಲದೆಂಬ ಅರಿವು ಅದು.

ಮಗಳು: ಹಾಗೆ ನೋಡಿದರೆ ರಘು ದೀಕ್ಷಿತರ ತಮ್ಮ ವಾಸು ದೀಕ್ಷಿತರ ದಾರಿ ನಿಮ್ಮ ಮಾತಿಗೆ ಇನ್ನೂ ಹತ್ತಿರವಾದೀತು. ಅವರು ‘ಸ್ವರಾತ್ಮ’ ಎಂಬ ತಂಡದ ಮುಖ್ಯ ಗಾಯಕರು. 2009ರಲ್ಲಿ ಆ ತಂಡದ ಮೊದಲ ಆಲ್ಬಮ್ ಬಂತು, 2012ರಲ್ಲಿ ‘ಟೋಪಿವಾಲೆ’, ಅನಂತರ 2018ರಲ್ಲಿ ಮೂರನೆಯದು. ವಾಸು ಅವರು ನಡುವಿಗೆ ಕೀಲುಕುದುರೆ ಕಟ್ಟಿಕೊಂಡು ರಂಗಕ್ಕೆ ಬರುತ್ತಿದ್ದರು. ಜಾತ್ರೆಯ ಕುಣಿತವೂ ಬೀದಿ ನಾಟಕವೂ ರಾಕ್ ಸಂಗೀತವೂ ಅಲ್ಲಿ ಒಂದಾಗಿ ಬೆರೆಯುತ್ತಿದ್ದವು. ಅವರ ‘ಪ್ಯಾಸಿ’ ಎಂಬ ಹಾಡು ಕಾವೇರಿಯ ನೀರಿನ ಜಗಳವನ್ನು ಕುರಿತದ್ದು. ಜಗಳವಾಡುವ ಎರಡು ಪಕ್ಷಗಳನ್ನು ಬಿಟ್ಟು, ಬಾಯಾರಿದ ನದಿಯ ಕಡೆಯಿಂದ ಅದು ಮಾತಾಡುತ್ತದೆ.

ದೊಡ್ಡಪ್ಪ: ನದಿಗೆ ಬಾಯಾರಿಕೆ! ನಮ್ಮ ಹೇಮಾವತಿ ಈ ಸಕಲೇಶಪುರವನ್ನು ಹಾದು, ಆಲೂರಿನ ಮಗ್ಗುಲಲ್ಲಿ ಹರಿದು, ಗೊರೂರಿನ ಅಣೆಕಟ್ಟೆಯಲ್ಲಿ ನಿಂತು, ಕೊನೆಗೆ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಕೂಡುವಳು. ಆ ಹಾಡನ್ನು ಕೇಳಬೇಕಾದವರಲ್ಲಿ ನಾವೂ ಇದ್ದೇವೆ. ಇರಲಿ, ಅವರ ಸ್ವತಂತ್ರ ಪಯಣ ಹೇಗೆ?

ಮಗಳು: ತಂಡವನ್ನು ಮುರಿಯದೆ, ಅದರ ಪಕ್ಕದಲ್ಲೇ ಇನ್ನೊಂದು ಪಯಣವನ್ನು ಆರಂಭಿಸಿದರು. ದಾಸರ ಪದ, ವಚನ, ಕಬೀರರ ವಾಣಿ, ಜನಪದ ಗೀತೆ ಇವನ್ನೆಲ್ಲ ಹೊಸ ವಾದ್ಯಸಂಯೋಜನೆಯಲ್ಲಿ ಹಾಡುವ ಬಳಗ ಅದು. ಆ ಸ್ವತಂತ್ರ ಉದ್ಯಮಕ್ಕೆ ಅವರು ಇಟ್ಟ ಹೆಸರು ‘ವಾಸು ದೀಕ್ಷಿತ್ ಕಲೆಕ್ಟಿವ್’. ಹೆಸರು ತಮ್ಮದೇ, ಆದರೆ ಅದರ ಪಕ್ಕದಲ್ಲಿ ಕೂಟವೂ ಇದೆ. ಅಣ್ಣನಿಗೆ ಬಂದದ್ದು ಅನಿವಾರ್ಯತೆ, ತಮ್ಮನದು ಆಯ್ಕೆ. ತಲುಪಿದ ಬಿಂದು ಹೆಚ್ಚುಕಡಿಮೆ ಒಂದೇ.

ದೊಡ್ಡಪ್ಪ: ಇಬ್ಬರೂ ಸ್ವತಂತ್ರರಾದ ಮೇಲೆ ಹಳೆಯ ವಾಣಿಯ ಕಡೆಗೆ ತಿರುಗಿದ್ದು ಆಕಸ್ಮಿಕವಿರಲಾರದು. ತನ್ನ ಹೆಸರನ್ನು ಮೇಲೆ ಬರೆದುಕೊಂಡವನಿಗೆ, ತನ್ನೊಬ್ಬನ ಅನುಭವದ ಸಂಗ್ರಹ ಎಷ್ಟು ಅಲ್ಪವೆಂಬುದು ಒಂದೆರಡು ವರ್ಷದೊಳಗೆ ತಿಳಿದುಬರುತ್ತದೆ. ತಂಡದಲ್ಲಿ ನಾಲ್ವರ ಬಾಳು ಹಾಡಿಗೆ ಇಂಧನವಾಗುತ್ತಿತ್ತು. ಈಗ ಆ ಮೂವರ ಜಾಗಕ್ಕೆ ಮೂರು ಶತಮಾನಗಳನ್ನು ಕರೆತರಬೇಕಾಗುತ್ತದೆ. ಶರೀಫರ ಪದಗಳಿಗೆ ಯಾವ ಕಂಪನಿಯ ಸ್ವಾಮ್ಯವೂ ಇಲ್ಲ. ಕರ್ತೃ ಗತಿಸಿ ಅರುವತ್ತು ವರ್ಷವಾದ ಮೇಲೆ ಕೃತಿ ಎಲ್ಲರದೂ ಆಗುತ್ತದೆಂದು ನಮ್ಮ ಕಾನೂನೇ ಹೇಳುವುದಷ್ಟೆ. ಆದರೆ ಎಲ್ಲರದೂ ಆದುದನ್ನು ಎತ್ತಿಕೊಳ್ಳುವವನ ಹೊಣೆ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ತಪ್ಪಾಗಿ ಹಾಡಿದರೆ ಶಿಶುನಾಳದಿಂದ ಯಾರೂ ಬಂದು ಮೊಕದ್ದಮೆ ಹೂಡರು. ಆದರೆ ಅದನ್ನು ಕೇಳಿ ಬೆಳೆಯುವ ಮಕ್ಕಳಿಗೆ ಆ ತಪ್ಪೇ ಶರೀಫರಾಗಿ ಉಳಿಯುತ್ತದೆ.

ಮಗಳು: ಒಬ್ಬ ಹೆಂಗಸಿಗೆ ಈ ದಾರಿಯಲ್ಲಿ ಇನ್ನೊಂದು ತೊಡಕಿದೆ, ದೊಡ್ಡಪ್ಪ. ಗಂಡಸು ತಂಡ ಬಿಟ್ಟರೆ ಮಹತ್ವಾಕಾಂಕ್ಷಿ ಎನ್ನುವವರು, ಹೆಂಗಸು ಬಿಟ್ಟರೆ ಹೊಂದಿಕೊಳ್ಳಲಾರದವಳು ಎನ್ನುತ್ತಾರೆ. ಬೆಂಗಳೂರಿನಲ್ಲಿ 1970ರ ದಶಕದಲ್ಲೇ ‘ಹ್ಯೂಮನ್ ಬಾಂಡೇಜ್’ ಎಂಬ ರಾಕ್ ತಂಡದಲ್ಲಿ ಹಾಡಿದ ರಾಧಾ ಥಾಮಸ್ ಎಂಬವರಿದ್ದಾರೆ. ಮುಂದೆ ನ್ಯೂಯಾರ್ಕಿಗೆ ಹೋಗಿ ಜಾಝ್ ಗಾಯಕಿಯಾಗಿ ಬೆಳೆದು, ಬೆಂಗಳೂರಿಗೆ ಮರಳಿ ತಮ್ಮದೇ ಬಳಗ ಕಟ್ಟಿಕೊಂಡು ಹಾಡಿದರು. ಅವರ ಹೆಸರನ್ನು ನಮ್ಮ ಪತ್ರಿಕೆಗಳು ಇನ್ನೂ ಹೆಚ್ಚಾಗಿ ಬರೆಯಬೇಕಿತ್ತು. ನನ್ನ ಮುಂದೆ ಒಂದು ಹೆಜ್ಜೆಗುರುತು ಇದೆಯೆಂದು ತಿಳಿದಾಗ ನನಗೆ ಬಂದ ಧೈರ್ಯವನ್ನು ಮಾತಿನಲ್ಲಿ ಹೇಳಲಾರೆ.

ದೊಡ್ಡಪ್ಪ: ಧೈರ್ಯದ ವಿಷಯದಲ್ಲಿ ನಿನಗೆ ಉಪದೇಶ ಬೇಕಾಗಿಲ್ಲ. ಕಾಲದ ವಿಷಯದಲ್ಲಿ ಒಂದು ಮಾತು ಹೇಳುತ್ತೇನೆ. ಆ ಸಿಲ್ವರ್ ಓಕ್ ಮರವನ್ನು ಅಪ್ಪಿರುವ ಮೆಣಸಿನ ಬಳ್ಳಿಯನ್ನು ನೋಡು. ಮರ ಗಾಳಿಗೆ ಬಿದ್ದರೆ ಆ ಬಳ್ಳಿಯನ್ನು ಬಿಡಿಸಿ ಇನ್ನೊಂದು ಮರಕ್ಕೆ ಕಟ್ಟಲು ಬರುವುದಿಲ್ಲ. ಬುಡದಲ್ಲಿ ಹರಿದ ಕುಡಿಯನ್ನು ಕತ್ತರಿಸಿ, ಬೇರು ಬರಿಸಿ, ಹೊಸ ಮರದ ಬುಡದಲ್ಲಿ ನೆಡಬೇಕು. ಮೂರನೆಯ ವರ್ಷಕ್ಕೆ ಕಾಳಿನ ಗೊಂಚಲು ಕಾಣುತ್ತದೆ. ತಂಡದ ಕೀರ್ತಿಯನ್ನು ಇದ್ದಂತೆಯೇ ಹೊತ್ತುಕೊಂಡು ಹೋಗುತ್ತೇನೆಂದು ಹೊರಟವರು ಸೋಲುವುದು ಇಲ್ಲಿ. ರಘು ದೀಕ್ಷಿತರ ವಿಷಯದಲ್ಲಿ ತಂಡ ಕರಗಿದ್ದಕ್ಕೂ ಆಲ್ಬಮ್ ಬಂದದ್ದಕ್ಕೂ ನಡುವೆ ಎಷ್ಟು ಕಾಲವೆಂದೆ?

ಮಗಳು: 2005ರಿಂದ 2008; ನಿಮ್ಮ ಬಳ್ಳಿಯ ಲೆಕ್ಕವೇ ಆಯಿತು. ಆ ನಡುವಣ ವರ್ಷಗಳಲ್ಲಿ ಸಣ್ಣ ಸಣ್ಣ ವೇದಿಕೆಗಳಲ್ಲಿ, ಸಿಕ್ಕ ವಾದ್ಯಗಾರರೊಡನೆ ಹಾಡಿದರು. ಔಷಧ ಕಂಪನಿಯ ವಿಜ್ಞಾನಿಯಾಗಿ ಬೆಲ್ಜಿಯಮ್ಮಿನಲ್ಲಿ ನೆಲೆಯೂರಬಹುದಾಗಿದ್ದ ಮನುಷ್ಯ! ಹಿಂದಿರುಗಿ ಬಂದು ಹಾಡನ್ನೇ ಹಿಡಿದವರಿಗೆ ಆ ಕಾಲ ಸುಲಭವಾಗಿದ್ದಿರಲಾರದು. ನಾನು ಇನ್ನೂ ಮೊದಲನೆಯ ವರ್ಷದಲ್ಲಿದ್ದೇನೆ.

ದೊಡ್ಡಪ್ಪ: ಮೊದಲನೆಯ ವರ್ಷದಲ್ಲಿ ಮಾಡಬೇಕಾದ್ದು ಬೇರು ಬಿಡುವ ಕೆಲಸ. ಈ ಸಲದ ಸುಗ್ಗಿಗೆ ದೇವಸ್ಥಾನದ ಮುಂದೆ ಹಾಡುತ್ತೇನೆಂದು ನಿನ್ನ ಅಪ್ಪನ ಹತ್ತಿರ ಹೇಳಿದೆಯಂತೆ. ಯಾರೊಡನೆ ಹಾಡುವೆ? ಬೆಂಗಳೂರಿನಿಂದ ‘ಚೆನ್ನಾಗಿದೆ ಮೇಡಂ’ ಎನ್ನುವವರನ್ನು ಕರೆಸುವೆಯೋ?

ಮಗಳು: ಇಲ್ಲ. ಗಿಟಾರು ನಾನೇ ನುಡಿಸುತ್ತೇನೆ. ತಬಲಕ್ಕೆ ನಿಮ್ಮ ಭಜನಾ ಮಂಡಳಿಯವರನ್ನು ಕೇಳಬೇಕೆಂದಿದ್ದೇನೆ, ಪಲ್ಲವಿಯನ್ನು ಊರವರು ಹಿಡಿಯಲಿ ಎಂದು. ನೀವು ಹಾರ್ಮೋನಿಯಂ ಹಿಡಿದರೆ...

ದೊಡ್ಡಪ್ಪ: ಹಿಡಿಯುತ್ತೇನೆ. ಆದರೆ ನಿನ್ನೆ ರಾತ್ರಿ ನೀನು ಜಗಲಿಯಲ್ಲಿ ಅಭ್ಯಾಸ ಮಾಡುತ್ತಿದ್ದುದನ್ನು ಕೇಳಿದೆ. ಬಿಳಿ ಐದರಲ್ಲಿ ಹಾಡಿದೆ. ಅದು ನಿನ್ನ ಕಂಠಕ್ಕೆ ಚೆಂದ. ನಮ್ಮವರಿಗೆ ಆ ಶ್ರುತಿಯಲ್ಲಿ ಸೊಲ್ಲೆತ್ತಲು ಬರುವುದಿಲ್ಲ. ಎರಡು ಚರಣ ಹಿಡಿದು ಸುಮ್ಮನಾಗಿಬಿಡುತ್ತಾರೆ, ನೀನೊಬ್ಬಳೇ ಉಳಿಯುತ್ತೀಯೆ. ಮೂರನೆಯ ಚರಣವೂ ಹೆಚ್ಚಾಯಿತು. ಎರಡನೆಯದರಲ್ಲಿ ಹೇಳಿದ್ದನ್ನೇ ಮತ್ತೆ ಹೇಳುತ್ತದೆ.

ಮಗಳು: ಮೂರನೆಯ ಚರಣವನ್ನು ಬಿಡಲಾರೆ, ದೊಡ್ಡಪ್ಪ. ಇಡೀ ಹಾಡಿನಲ್ಲಿ ನಾನು ನಿಜವಾಗಿ ಹೇಳಬೇಕೆಂದಿರುವುದು ಅಲ್ಲೇ ಇದೆ.

ದೊಡ್ಡಪ್ಪ: ಹಾಗಿದ್ದರೆ ಎರಡನೆಯದನ್ನು ಬಿಡು. ಎರಡೂ ಬೇಕೆಂದರೆ ನಾನು ಒಪ್ಪುವುದಿಲ್ಲ.

ಮಗಳು: ಶ್ರುತಿಯನ್ನು ಎಷ್ಟು ಇಳಿಸಲಿ?

ದೊಡ್ಡಪ್ಪ: ಬಿಳಿ ಮೂರಕ್ಕೆ ತಂದು ನೋಡು, ಗಂಡಸರು ಕೆಳಗಿನ ಸ್ಥಾಯಿಯಲ್ಲಿ ಸೇರಿಕೊಂಡಾರು. ಸಾಲದಿದ್ದರೆ ಇನ್ನೊಂದು ಮನೆ ಇಳಿಸೋಣ. ಹಣ್ಣು ಮಗುಚಿ ಬರುತ್ತೇನೆ, ಅಷ್ಟರಲ್ಲಿ ಗಿಟಾರು ಶ್ರುತಿ ಮಾಡಿಟ್ಟುಕೋ. ಎರಡನೆಯ ಚರಣದ ವಿಷಯ ಇನ್ನೂ ಮುಗಿದಿಲ್ಲ.